ಟೆನ್ಶನ್ ಬಿಟ್ಟರೆ ಫೈಬ್ರೊಮಯಾಲ್ಜಿಯಾ ಹೋಗುತ್ತದೆಯೇ?

ಪ್ರಶ್ನೆ: ನನಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ಬಹುಕಾಲ ನೋಯುವ ಕಾಯಿಲೆ, ಇದೆ. ಚಿಂತೆ ಹೆಚ್ಚಾದ ದಿನ ಮೈನೋವೂ ಹೆಚ್ಚುತ್ತದೆ. ಟೆನ್ಶನ್ ಮಾಡಿಕೊಳ್ಳುವುದನ್ನು ಬಿಟ್ಟರೆ ಕಾಯಿಲೆಯೇ ವಾಸಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ?

ನಿಜವಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಈ ಪ್ರಶ್ನೆ ಕೇಳುವವರ ದನಿಯಲ್ಲಿ ಪ್ರತಿ ಸಲವೂ ಅಪರಾಧಿಯ ಅಳುಕಿರುತ್ತದೆ, ನೋವನ್ನು ತಾವೇ ತಂದುಕೊಂಡಂತೆ. ಅದನ್ನು ಕೇಳಿದಾಗ ನನಗೆ ಬೇಸರ ಬರುತ್ತದೆ. ಅವರ ಮೇಲಲ್ಲ, ಆ ಮಾತನ್ನು ಅವರ ತಲೆಗೆ ತುಂಬಿದವರ ಮೇಲೆ.

ಈ ತಪ್ಪು ತಿಳಿವಳಿಕೆ ಹುಟ್ಟುವುದು ರಿಪೋರ್ಟುಗಳಿಂದ. ರಕ್ತಪರೀಕ್ಷೆ ಸರಿಯಿದೆ, ಎಕ್ಸ್‌ರೇ ಸರಿಯಿದೆ, ಆದ್ದರಿಂದ ನೋವು ಮನಸ್ಸಿನದು ಎಂಬ ತೀರ್ಮಾನ. ಆ ಪರೀಕ್ಷೆಗಳು ಹುಡುಕುವುದು ಉರಿಯೂತವನ್ನು, ಮೂಳೆ ಕೀಲುಗಳ ಸವೆತವನ್ನು. ಫೈಬ್ರೊಮಯಾಲ್ಜಿಯಾದ ತೊಡಕು ಇರುವುದು ಮಿದುಳು ಮತ್ತು ಬೆನ್ನುಹುರಿ ನೋವಿನ ಸಂಕೇತವನ್ನು ನಿಭಾಯಿಸುವ ರೀತಿಯಲ್ಲಿ. ಥರ್ಮಾಮೀಟರ್ ಹಿಡಿದು ತೂಕ ನೋಡಲು ಹೋದರೆ ಏನು ಸಿಕ್ಕೀತು?

2002ರಲ್ಲಿ ಅಮೆರಿಕದ ಸಂಶೋಧಕರು ಮಾಡಿದ ಒಂದು ಪ್ರಯೋಗವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಈ ಕಾಯಿಲೆ ಇರುವವರ ಮತ್ತು ಇಲ್ಲದವರ ಹೆಬ್ಬೆರಳಿನ ಉಗುರನ್ನು ಅದುಮುತ್ತ, ಅದೇ ಹೊತ್ತಿಗೆ ಸ್ಕ್ಯಾನ್‌ನಲ್ಲಿ ಅವರ ಮಿದುಳನ್ನು ನೋಡಿದರು. ಕಾಯಿಲೆ ಇದ್ದವರಿಗೆ ಬಹಳ ಮೆಲ್ಲಗೆ ಅದುಮಿದಾಗಲೇ ನೋವಾಯಿತು. ಆಗ ಅವರ ಮಿದುಳಿನಲ್ಲಿ ಚುರುಕಾದ ಭಾಗಗಳು, ಆರೋಗ್ಯವಂತರನ್ನು ಬಲವಾಗಿ ಅದುಮಿದಾಗ ಚುರುಕಾದ ಭಾಗಗಳನ್ನೇ ಹೋಲುತ್ತಿದ್ದವು. ನಟಿಸುವವರ ಮಿದುಳು ಹಾಗೆ ಸಾಕ್ಷಿ ಹೇಳುವುದಿಲ್ಲ. ಬೆನ್ನುಹುರಿಯ ದ್ರವದಲ್ಲಿ ನೋವಿನ ಸಂದೇಶ ಸಾಗಿಸುವ 'ಸಬ್‌ಸ್ಟನ್ಸ್ ಪಿ' ಎಂಬ ವಸ್ತು ಇವರಲ್ಲಿ ಹೆಚ್ಚಿರುವುದೂ ಅದಕ್ಕೆ ಮೊದಲೇ ಕಂಡುಬಂದಿತ್ತು.

ಹಾಗಾದರೆ ಚಿಂತೆಯಾದಾಗ ನೋವೇಕೆ ಹೆಚ್ಚುತ್ತದೆ? ಮೊದಲೇ ಎತ್ತರದಲ್ಲಿರುವ ನೋವಿನ ದನಿಯನ್ನು ಒತ್ತಡ ಇನ್ನಷ್ಟು ಎತ್ತರಿಸುತ್ತದೆ, ಅಷ್ಟೇ. ಹೊಗೆಯಲ್ಲಿ ನಿಂತರೆ ಉಬ್ಬಸ ಹೆಚ್ಚುತ್ತದೆ. ಹಾಗೆಂದು ಉಬ್ಬಸವನ್ನು ಯಾರಾದರೂ ಭ್ರಮೆ ಎನ್ನುತ್ತಾರೆಯೇ? ಹೊಗೆಯಿಂದ ದೂರ ಸರಿದವರಿಗೆ ಉಸಿರಾಟ ಹಗುರವಾಗುತ್ತದೆ, ಉಬ್ಬಸದ ಕಾಯಿಲೆ ಇದ್ದೇ ಇರುತ್ತದೆ. ಇದೂ ಹಾಗೆಯೇ. ಮೂರು ತಿಂಗಳು, ಮೂರು ವರ್ಷ ಬಿಡದೆ ಕಾಡುವ ನೋವೇ ಒಂದು ದೊಡ್ಡ ಒತ್ತಡ ಎಂಬುದು ಬುದ್ಧಿ ಹೇಳುವವರಿಗೆ ಏಕೋ ಹೊಳೆಯುವುದೇ ಇಲ್ಲ.

ಇಷ್ಟು ತಿಳಿದ ಮೇಲೆ ಒತ್ತಡವನ್ನು ನಿಭಾಯಿಸುವುದು ಪ್ರಾಯಶ್ಚಿತ್ತವಾಗಿ ಉಳಿಯುವುದಿಲ್ಲ, ದಿನದ ಒಂದು ಕೆಲಸವಾಗುತ್ತದೆ. ಮುಖ್ಯವಾದ ಎಚ್ಚರ ಬೇಕಿರುವುದು ನೋವು ಕಡಿಮೆಯಿರುವ ದಿನ. ಅಂದು ಬೆಳಿಗ್ಗೆ ಮೈ ಹಗುರವೆನಿಸುತ್ತದೆ, ಬಾಕಿ ಬಿದ್ದ ಬಟ್ಟೆಯನ್ನೆಲ್ಲ ಒಗೆದುಬಿಡುತ್ತೀರಿ. ಹಿಂಡುವಾಗ ಮಣಿಕಟ್ಟು ಸಣ್ಣಗೆ ಚುಳ್ಳೆನ್ನುತ್ತದೆ, ಇನ್ನೆರಡೇ ಉಳಿದಿವೆ ಎಂದು ಮುಂದುವರಿಸುತ್ತೀರಿ. ಮರುದಿನ ಹಲ್ಲುಜ್ಜಲೂ ಕೈ ಏಳುವುದಿಲ್ಲ. ಆ ಚುಳ್ಳೆನ್ನುವುದಕ್ಕೂ ಮೊದಲೇ ಗಡಿಯಾರ ನೋಡಿ ನಿಲ್ಲಿಸಬೇಕು: ಹದಿನೈದು ನಿಮಿಷ ಕೆಲಸ, ಆಮೇಲೆ ವಿಶ್ರಾಂತಿ, ಕೆಲಸ ಅರ್ಧಕ್ಕೆ ನಿಂತರೂ ಸರಿಯೇ. ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಅದೇ ಅಳತೆ.

ಹಾಗೆಂದು ಮಲಗಿಯೇ ಇರಬೇಡಿ. 2017ರ ಯುರೋಪಿನ ಸಂಧಿವಾತ ತಜ್ಞರ ಮಾರ್ಗಸೂಚಿಯಲ್ಲಿ ಬಲವಾದ ಶಿಫಾರಸು ಸಿಕ್ಕಿದ್ದು ವ್ಯಾಯಾಮಕ್ಕೆ ಮಾತ್ರ. ಐದು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕೊಂದಿಷ್ಟು ಹೆಚ್ಚಿಸಿ. ಮಲಗುವ, ಏಳುವ ಹೊತ್ತು ಬದಲಿಸಬೇಡಿ. 1975ರಲ್ಲಿ ಕೆನಡಾದಲ್ಲಿ ಆರೋಗ್ಯವಂತ ಸ್ವಯಂಸೇವಕರ ಗಾಢನಿದ್ರೆಯನ್ನು ಸದ್ದುಮಾಡಿ ಕೆಡಿಸಿದಾಗ ಅವರಿಗೂ ಇಂಥದೇ ಮೈನೋವು ಬಂದಿತ್ತು! ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಅದು ಖಿನ್ನತೆಗೂ ಕೊಡುವ ಮಾತ್ರೆಯಾಗಿದ್ದರೆ ಗಾಬರಿ ಬೇಡ, ಅವುಗಳಲ್ಲಿ ಕೆಲವು ನೋವಿನ ಸಂಕೇತವನ್ನೂ ತಗ್ಗಿಸುತ್ತವೆ.

ನೀವು ಕೇಳಿಲ್ಲ, ಆದರೂ ಮರೆವಿನ ಬಗ್ಗೆ ಹೇಳುತ್ತೇನೆ. ಹಲವರು ಇದನ್ನು ಬಾಯಿಬಿಟ್ಟು ಹೇಳದೆ ಒಳಗೊಳಗೇ ಹೆದರುತ್ತಾರೆ. ಬೀರುವಿನ ಬಾಗಿಲು ತೆರೆದು ನಿಂತು, ಏನು ತೆಗೆಯಲು ಬಂದೆ ಎಂದು ಯೋಚಿಸುವುದು. ದಿನಾ ಬಳಸುವ ಪದ ನಾಲಿಗೆಯ ತುದಿಯಲ್ಲೇ ಸಿಕ್ಕಿಹಾಕಿಕೊಳ್ಳುವುದು. ಇದಕ್ಕೆ 'ಫೈಬ್ರೊ ಫಾಗ್' ಎನ್ನುತ್ತಾರೆ, ಎಂದರೆ ತಲೆಗೆ ಮಂಜು ಕವಿದ ಸ್ಥಿತಿ. ಇದು ಕಾಯಿಲೆಯದೇ ಒಂದು ಲಕ್ಷಣ. ನಿದ್ರೆಗೆಟ್ಟ, ಒತ್ತಡದ ದಿನಗಳಲ್ಲಿ ಹೆಚ್ಚುತ್ತದೆ. ಬರೆದಿಟ್ಟುಕೊಳ್ಳಿ, ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿ, ಪದ ಸಿಗದಿದ್ದರೆ ಬೇರೆ ಪದ ಬಳಸಿ ಮಾತು ಮುಂದುವರಿಸಿ. ಆದರೆ ಮರೆವು ದಿನೇ ದಿನೇ ಹೆಚ್ಚುತ್ತಿದ್ದರೆ, ಗೊತ್ತಿರುವ ದಾರಿಯೇ ತಪ್ಪುತ್ತಿದ್ದರೆ, ಅದನ್ನೂ ಫೈಬ್ರೊಮಯಾಲ್ಜಿಯಾದ ತಲೆಗೆ ಕಟ್ಟದೆ ವೈದ್ಯರಿಗೆ ಬೇರೆಯಾಗಿಯೇ ಹೇಳಿ.