ಗ್ರಾವಿಟಿ ಮ್ಯಾಪ್ ಹೆಂಗ್ ಮಾಡ್ತಾರ: ಮರಿಯಾ ಝೂಬರ್ ಕೆಲಸದ ಮ್ಯಾಲ ನೋಟ್ಸ್

ಕ್ಲಾಸ್‌ನಾಗ ಜಿ (ಭೂಮಿ ಎಳೆತದ ಅಳತೆ) ಅಂದ್ರ 9.8 ಅಂತ ಬರ್ದು ಮುಂದ ಹೋಗಿಬಿಡ್ತೀವಿ, ಖರೇ ಅಂದ್ರ ಅದು ಜಾಗದಿಂದ ಜಾಗಕ್ಕ ಚೂರು ಬದಲಾಗ್ತದ. ನಮ್ಮ ಕಡೆನೇ ನೋಡ್ರಿ, ಕಲಬುರಗಿ ಸುತ್ತ ಎರಿ ಭೂಮಿ ಕೆಳಗ ಕರಿ ಬಸಾಲ್ಟ್, ಶಹಾಬಾದ್‌ನಾಗ ಫರಸಿ ಸುಣ್ಣಕಲ್ಲು, ಯಾದಗಿರಿ ಗುಡ್ಡ ಗ್ರಾನೈಟ್. ಇವುಗಳಾಗ ಬಸಾಲ್ಟೇ ಭಾರ, ಉಳಿದದ್ದೆಲ್ಲ ಸಮ ಇದ್ರ ಅದು ದಪ್ಪ ಇದ್ದಲ್ಲಿ ಎಳೆತ ಒಂದ್ ಕೂದಲೆಳೆ ಜಾಸ್ತಿ.

ಚಂದ್ರನ ಮ್ಯಾಲ ಎಳೆತ ಅಳೆಯೋ ಮೀಟರ್ ಹೊತ್ಕೊಂಡು ಎಲ್ಲಾ ಕಡೆ ಅಡ್ಡಾಡ್ಲಿಕ್ಕ ಆಗ್ತದೇನು? ಅದಕ್ಕ ಸುತ್ತೋ ನೌಕೆನೇ ಮೀಟರ್ ಅಂತ ತಿಳ್ಕೋರಿ: ಮುಂದ ಭಾರ ಇದ್ರ ಸ್ಪೀಡ್ ಏರ್ತದ, ದಾಟಿದ ಮ್ಯಾಲ ಇಳೀತದ, ಅದು ರೇಡಿಯೋ ಸಿಗ್ನಲ್‌ನ ಡಾಪ್ಲರ್‌ದಾಗ, ಅಂದ್ರ ಸ್ಪೀಡ್ ಬದಲಾದಂಗ ಸಿಗ್ನಲ್‌ನ ಫ್ರೀಕ್ವೆನ್ಸಿ ಬದಲಾಗೋದ್ರಾಗ, ಕಾಣ್ತದ. 1968ರಾಗ ಮುಲ್ಲರ್, ಶೋಗ್ರೆನ್ ಅನ್ನೋರು ಚಂದ್ರನ ಸುತ್ತಿದ ಲೂನಾರ್ ಆರ್ಬಿಟರ್ ನೌಕೆಗಳ ಡೇಟಾದಾಗ ಹಿಂಗೇ ನೋಡಿ, ಚಂದ್ರನ ದೊಡ್ಡ ಕರಿ ಬಯಲುಗಳ ಕೆಳಗ ಮಾಸ್ಕಾನ್ ಅಂದ್ರ ಹೆಚ್ಚಿನ ಭಾರ ಅದ ಅಂತ ಕಂಡುಹಿಡಿದ್ರು. ತೊಂದ್ರೆ ಏನಂದ್ರ ನೌಕೆ ಚಂದ್ರನ ಹಿಂದ ಹೋದ್ರ ಭೂಮಿಗೆ ಸಿಗ್ನಲ್ಲೇ ಬರಂಗಿಲ್ಲ.

ಇದಕ್ಕ ಉತ್ತರ 2011ರಾಗ ಹಾರಿಸಿದ ಗ್ರೇಲ್, ನಾಸಾದ್ದು, ಅದರ ಮುಖ್ಯ ವಿಜ್ಞಾನಿ ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಝೂಬರ್. ಒಂದ್ರ ಹಿಂದ ಒಂದು ಎರಡು ನೌಕೆ, ಎಬ್ ಮತ್ತ ಫ್ಲೋ, ಭೂಮಿ ಕಾಣಲಿ ಬಿಡಲಿ ತಮ್ಮ ನಡುವಿನ ಅಂತರ ತಾವೇ ಅಳೀತಿದ್ವು; ಭಾರ ಇದ್ದಲ್ಲಿ ಮುಂದಿನದರ ಸ್ಪೀಡ್ ಮೊದ್ಲು ಬದಲಾಗಿ ಆ ಅಂತರನೂ ಬದಲಾಗ್ತದ. 2012ರಾಗ ಸುಮಾರು 55 ಕಿ.ಮೀ. ಎತ್ತರದಿಂದ ಮ್ಯಾಪ್ ಶುರು ಮಾಡಿದ್ವು, ಆ ಡಿಸೆಂಬರ್ 17ಕ್ಕ ಚಂದ್ರನಿಗೇ ಹೋಗಿ ಬಡಿದ್ವು.

ಝೂಬರ್ ಕಲ್ಲಿದ್ದಲು ಗಣಿ ಕೆಲಸಗಾರರ ಮೊಮ್ಮಗಳು, ಪೆನ್ಸಿಲ್ವೇನಿಯಾ ಯೂನಿವರ್ಸಿಟಿದಾಗ ಖಗೋಳಶಾಸ್ತ್ರ ಓದಿ 1986ಕ್ಕ ಬ್ರೌನ್ ಯೂನಿವರ್ಸಿಟಿದಾಗ ಪಿಎಚ್‌ಡಿ. ಗ್ರೇಲ್‌ಗಿಂತ ಮುಂಚೆ ಕ್ಲೆಮೆಂಟೈನ್ ಅನ್ನೋ ಚಂದ್ರನ ನೌಕೆಯ ಡೇಟಾದಾಗ ಚಂದ್ರನ ಎತ್ತರ, ಆಮ್ಯಾಲ ಮಂಗಳ ಗ್ರಹದ ಎತ್ತರ ಅಳೆಯೋ ಮೋಲಾ ಅನ್ನೋ ಲೇಸರ್ ಉಪಕರಣ, ಹಿಂಗ ಗುಡ್ಡ-ತಗ್ಗು ಅಳೆಯೋದ್ರಾಗ ವರ್ಷಗಟ್ಟಲೆ ಕಳೆದ್ರು. ಬಯೋಡೇಟಾ ಓದೋರು ಇದನ್ನ ಬೇರೆ ಸಬ್ಜೆಕ್ಟ್ ಅಂದ್ಕೋತಾರ, ನನಗನಿಸೋದು ಅಸಲಿ ತಯಾರಿ ಇದೇ. ಯಾಕಂದ್ರ ಎಳೆತ ಜಾಸ್ತಿ ಬಂದ್ರ ಅದು ಮ್ಯಾಲಿನ ಗುಡ್ಡದ್ದೋ ಒಳಗಿನ ಭಾರದ ಕಲ್ಲಿಂದೋ ಗ್ರಾವಿಟಿ ಒಂದರಿಂದ ಗೊತ್ತಾಗಂಗಿಲ್ಲ. ಗುಡ್ಡದ ಎತ್ತರ ಗೊತ್ತಿದ್ರ ಅದರ ಪಾಲು ಕಳೀಬಹುದು, ಉಳಿದದ್ದೇ ಬೂಗೆ ಗ್ರಾವಿಟಿ, ಒಳಗಿನ ಸುದ್ದಿ ಹೇಳೋದು ಅದು.

ಹಂಗ ಕಳೆದಾಗ ಚಂದ್ರನ ತೊಗಟೆ ಸರಾಸರಿ 34ರಿಂದ 43 ಕಿ.ಮೀ. ಅಂತ ಬಂತು, ಮೊದ್ಲು ಅಂದ್ಕೊಂಡಿದ್ದಕ್ಕಿಂತ ತೆಳ್ಳಗ. ಎತ್ತರದ ಪ್ರದೇಶದ ಸಾಂದ್ರತೆನೂ ಘನ ಮೀಟರಿಗೆ 2550 ಕೆ.ಜಿ. ಅಷ್ಟೇ, ಉಲ್ಕೆ ಬಡಿದು ಬಡಿದು ಕಲ್ಲು ಬಿರುಕು ಬಿಟ್ಟು ಸುಮಾರು 12% ಖಾಲಿ ಜಾಗ ಅದ. ಗುಡ್ಡದ ಪಾಲು ಕಳೀಲಿಕ್ಕೆ ಇದೇ ಸಾಂದ್ರತೆ ಹಾಕ್ಬೇಕು, ಹೆಚ್ಚು-ಕಡಿಮಿ ಹಾಕಿದ್ರ ಬೂಗೆ ಮ್ಯಾಪ್‌ದಾಗ ಗುಡ್ಡದ ಆಕಾರ ಹಂಗೇ ಉಳಿದುಬಿಡ್ತದ.