ದಡಾರದ ಲೆಕ್ಕ

ಸಾಂಕ್ರಾಮಿಕ ರೋಗ ಇಳಿದ ಮೇಲೆ ಮೊದಲು ಏಳುವುದು ಕಟ್ಟಡ. ಗುದ್ದಲಿ ಪೂಜೆ, ನಾಮಫಲಕ, ಹಾರ ತುರಾಯಿ. ಆರೋಗ್ಯ ವ್ಯವಸ್ಥೆ ಚೇತರಿಸಿಕೊಂಡಿದೆ ಎನ್ನಲು ನಮಗೆ ಹಾಸಿಗೆ, ವೆಂಟಿಲೇಟರ್‌ಗಳ ಲೆಕ್ಕ ಸಾಕು. ಈ ಲೆಕ್ಕ ಕೇಳಿದಾಗಲೆಲ್ಲ ನನಗೆ ಕಾಂಗೋ ನೆನಪಾಗುತ್ತದೆ. 2018ರಿಂದ 2020ರವರೆಗೆ ಆ ದೇಶದ ಪೂರ್ವ ಭಾಗದಲ್ಲಿ ಎಬೋಲಾ 2,287 ಜನರನ್ನು ಬಲಿ ತೆಗೆದುಕೊಂಡಿತು. ಅದೇ ಹೊತ್ತಿಗೆ ಅದೇ ದೇಶದಲ್ಲಿ ದಡಾರಕ್ಕೆ ಸತ್ತವರು 6,000ಕ್ಕೂ ಹೆಚ್ಚು, ಬಹುಪಾಲು ಪುಟ್ಟ ಮಕ್ಕಳು. ದಡಾರದ ಲಸಿಕೆ 1963ರಿಂದಲೂ ಇದೆ!

ನಮ್ಮಲ್ಲೂ ಹೀಗೆಯೇ. 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ಸರ್ಕಾರದ ಲೆಕ್ಕಕ್ಕೆ ಬಂದಿದ್ದರು. 2020ರಲ್ಲಿ ಬಂದವರು 18 ಲಕ್ಷ. ಕ್ಷಯವೇನೂ ಕೋವಿಡ್‌ಗೆ ಹೆದರಿ ಓಡಿಹೋಗಿರಲಿಲ್ಲ. ಕಫ ಪರೀಕ್ಷೆ ಮಾಡುವವರು ಬೇರೆ ಕೆಲಸದಲ್ಲಿದ್ದರು.

ಮಂಡ್ಯದ ಯಾವುದಾದರೂ ಹಳ್ಳಿಯ ಅಂಗನವಾಡಿಗೆ ಲಸಿಕೆ ಹಾಕುವ ದಿನ ಹೋಗಿ ನೋಡಿ. ನೀಲಿ ಡಬ್ಬಿಯೊಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಸೀಸೆಗಳು. ಸೀಸೆಗೆ ಅಂಟಿಸಿದ ಸಣ್ಣ ಚೌಕವೊಂದು ಬಿಸಿ ತಗುಲಿದಷ್ಟೂ ಕಪ್ಪಾಗುತ್ತ ಹೋಗುತ್ತದೆ. ಸುತ್ತಲಿನ ವೃತ್ತದಷ್ಟು ಕಪ್ಪಾಯಿತೋ, ಆ ಸೀಸೆ ಕಸಕ್ಕೆ. ದಡಾರ-ರುಬೆಲ್ಲಾ ಪುಡಿಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಿ ಮುಗಿಸಬೇಕು. ಯಾವ ಮಗು ಬಂದಿಲ್ಲ ಎಂದು ತಾಯಿ ಕಾರ್ಡ್ ಹಿಡಿದು ಮನೆಮನೆ ಸುತ್ತುವವರು ಆಶಾ ಕಾರ್ಯಕರ್ತೆಯರು. 2020ರಲ್ಲಿ ಅವರೇ ಕ್ವಾರಂಟೈನ್ ಮನೆಗಳ ಬಾಗಿಲು ಕಾಯುತ್ತಿದ್ದರು.

ಇನ್ನು ಲೆಕ್ಕಕ್ಕೆ ಬರೋಣ. ಇದು ನನಗೆ ಬಲು ಪ್ರಿಯವಾದದ್ದು. ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ ದಡಾರ ಒಬ್ಬನಿಂದ 12ರಿಂದ 18 ಜನರಿಗೆ ಹರಡುತ್ತದೆ. 15 ಎಂದಿಟ್ಟುಕೊಳ್ಳಿ. ರೋಗ ತಾನಾಗಿ ನಂದಿಹೋಗಬೇಕಾದರೆ ಆ ಹದಿನೈದರಲ್ಲಿ ಹದಿನಾಲ್ಕು ಮಂದಿಗೆ ರಕ್ಷಣೆ ಇರಬೇಕು. ಬಯಲುಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನ. ಅಲ್ಲಿ ವರ್ಷಕ್ಕೆ 450 ಹೆರಿಗೆ ಎನ್ನೋಣ. ಐದು ವರ್ಷದೊಳಗಿನ ಮಕ್ಕಳು 2,250. ಇವರಲ್ಲಿ ರಕ್ಷಣೆಯಿಲ್ಲದವರು 150 ದಾಟಬಾರದು, ಅಂದರೆ ವರ್ಷಕ್ಕೆ 30. ಈಗ ಯಾವುದೋ ಒಂದು ವರ್ಷದಲ್ಲಿ ನಾಲ್ಕು ತಿಂಗಳ ಕಾಲ ಲಸಿಕೆ ನಿಂತಿತು, ತಪ್ಪಿದವರನ್ನು ಯಾರೂ ಮತ್ತೆ ಹುಡುಕಲಿಲ್ಲ ಎನ್ನಿ. ಅಲ್ಲಿಗೇ 150 ಮಕ್ಕಳು. ಉಳಿದ ಎಂಟು ತಿಂಗಳ ಪಾಲು 20, ಮಿಕ್ಕ ನಾಲ್ಕು ವರ್ಷಗಳ ಪಾಲು 120. ಒಟ್ಟು 290. ಒಬ್ಬನಿಂದ ಒಬ್ಬನಿಗೂ ದಾಟಲು ಕಷ್ಟಪಡುತ್ತಿದ್ದ ರೋಗ ಈಗ ಒಬ್ಬನಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ ದಾಟುತ್ತದೆ.

ಮೋಸವಿರುವುದು ಇಲ್ಲಿ: ಆ ವರ್ಷ ಏನೂ ಆಗುವುದಿಲ್ಲ. ಶಾಲೆ ಮುಚ್ಚಿರುತ್ತದೆ, ಮಾಸ್ಕ್ ಇರುತ್ತದೆ. ಗದ್ದೆಯಲ್ಲಿ ಕಬ್ಬಿನ ತರಗು ಬೀಳುತ್ತ ಹೋದಂತೆ ರಕ್ಷಣೆಯಿಲ್ಲದ ಮಕ್ಕಳು ಸದ್ದಿಲ್ಲದೆ ಸೇರುತ್ತಾರೆ. ಕಿಡಿ ಬೀಳುವುದು ಎಲ್ಲ ತೆರೆದ ಮೇಲೆ. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಲ್ಲಿ ದಡಾರ ಎದ್ದದ್ದು ಹೀಗೆಯೇ. ಅಷ್ಟರಲ್ಲಿ ಕೋವಿಡ್ ಮುಗಿಯಿತೆಂದು ನಾವೆಲ್ಲ ನಿಟ್ಟುಸಿರು ಬಿಟ್ಟಿದ್ದೆವು.

ದಡಾರ ಬಂದ ಮಗುವಿನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಮ್ಮ ಮುನಿದಿದ್ದಾಳೆ ಎಂದು ಆಸ್ಪತ್ರೆಗೆ ಹೋಗದೆ ಕೂರುವವರು ಇಂದಿಗೂ ಇದ್ದಾರೆ. ಬೇವು ಆ ಹದಿನೈದನ್ನು ಹದಿನಾಲ್ಕಕ್ಕೂ ಇಳಿಸಲಾರದು. ಆಸ್ಪತ್ರೆಯಲ್ಲಿ ಕೊಡುವ ‘ಎ’ ಜೀವಸತ್ವ ಸಾವನ್ನು ತಗ್ಗಿಸುತ್ತದೆ.

ಹಾಗೆಂದು ಹಿಂದಿನವರೆಲ್ಲ ಮೂಢರೆಂದಲ್ಲ. 1898ರಲ್ಲಿ ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಬಂದಾಗ ಜನ ಪ್ಲೇಗಮ್ಮನಿಗೆ ಹರಕೆಯನ್ನೂ ಹೊತ್ತರು, ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದ ಗುಡಿಸಲಿಗೂ ಹೋದರು. ಎರಡನೆಯದು ಅಪ್ಪಟ ವಿಜ್ಞಾನ. ಇಲಿಯಿಂದ ಪ್ಲೇಗ್ ದಾಟಿಸುವ ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಕಂಡುಹಿಡಿದದ್ದೂ ಅದೇ ವರ್ಷ. ಬಹುಕಾಲ ಯಾರೂ ನಂಬಲಿಲ್ಲ. 1903ರಲ್ಲಿ ಮೈಸೂರಿನ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಹುಟ್ಟಿದಾಗ ಗಾಳಿ ಬೆಳಕಿನದೇ ಜಪ. ಕಾರಣ ಅರ್ಧ ತಪ್ಪು, ಮದ್ದು ಸರಿ: ಇಲಿ ತುಂಬಿದ ಇಕ್ಕಟ್ಟು ಕೇರಿಗಳು ಸಡಿಲವಾದವು. ಹಳೆಯ ಬಡಾವಣೆಗಳ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳಲ್ಲಿ ದಿನವೂ ಬಂದು ಹೊಲಸು ಹೊತ್ತವರಿಲ್ಲದಿದ್ದರೆ ಆ ಯೋಜನೆ ಕಾಗದದಲ್ಲೇ ಉಳಿಯುತ್ತಿತ್ತು. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ.

ಲೈಬೀರಿಯಾ ಎಬೋಲಾಕ್ಕೆ ತನ್ನ ವೈದ್ಯರು, ದಾದಿಯರು, ಸೂಲಗಿತ್ತಿಯರಲ್ಲಿ ಸುಮಾರು ನೂರಕ್ಕೆ ಎಂಟು ಮಂದಿಯನ್ನು ಕಳೆದುಕೊಂಡಿತು. 2016ರಲ್ಲಿ ಅದು ದೂರದ ಹಳ್ಳಿಗಳಿಗೆ ಸಮುದಾಯ ಆರೋಗ್ಯ ಸಹಾಯಕರನ್ನು ನೇಮಿಸಿ ತಿಂಗಳ ಸಂಬಳ ಕೊಡತೊಡಗಿತು. ನಮ್ಮ ಆಶಾ ಕಾರ್ಯಕರ್ತೆಯರಿಗೆ ಇಂದಿಗೂ ಗೌರವಧನ. ಅದಕ್ಕೂ ಬೀದಿಯಲ್ಲಿ ಕೂತು ಕೇಳಬೇಕು. ಇದನ್ನು ಸರಿಪಡಿಸದೆ ವೆಂಟಿಲೇಟರ್ ಕೊಳ್ಳುವುದು ನನ್ನ ಪ್ರಕಾರ ದುಂದು.

ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಮಂಡ್ಯಕ್ಕೆ ಬಂದು ಗುಡಿಸಲು ಹಾಕುವವರ ಮಕ್ಕಳು ಎರಡೂ ಊರಿನ ಪಟ್ಟಿಯಿಂದ ಜಾರುವುದು ಸುಲಭ. ತಪ್ಪಿದವರನ್ನು ಹುಡುಕಲು 2023ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ದೇಶದ ಎಲ್ಲ ಜಿಲ್ಲೆಗಳಲ್ಲೂ ಇಂದ್ರಧನುಷ್ ಅಭಿಯಾನ ಮೂರು ಸುತ್ತು ನಡೆಯಿತು. ವಯಸ್ಸಿನ ಮಿತಿಯನ್ನು ಐದು ವರ್ಷಕ್ಕೆ ಏರಿಸಿದ್ದರಿಂದ 2020ರಲ್ಲಿ ಸೂಜಿ ತಪ್ಪಿಸಿಕೊಂಡ ಕೂಸುಗಳೂ ಅದರೊಳಗೆ ಬಂದರು.