ಎನೇಬಲ್ ಪೆಡಿಗ್ರಿಯಲ್ಲಿರುವ ‘3×2’: ನನಗೆ ಅರ್ಥವಾದ ಬಗೆ

ಕುದುರೆ ತಳಿಯ ಪಾಠ ಓದುವಾಗ ಒಂದು ಸಣ್ಣ ಗುರುತು ನನ್ನನ್ನು ಮೂರು ದಿನ ಹಿಡಿದು ನಿಲ್ಲಿಸಿತು. ಎನೇಬಲ್ ಎಂಬ ರೇಸ್ ಕುದುರೆಯ ಪೆಡಿಗ್ರಿ, ಅಂದರೆ ವಂಶಾವಳಿ ಜೊತೆ ‘ಸ್ಯಾಡ್ಲರ್ಸ್ ವೆಲ್ಸ್ 3×2’ ಅಂತ ಬರೆಯುತ್ತಾರೆ. ಸ್ಯಾಡ್ಲರ್ಸ್ ವೆಲ್ಸ್ ಅನ್ನುವುದು ಅವಳ ವಂಶದ ಒಂದು ಗಂಡುಕುದುರೆಯ ಹೆಸರು. ಅದರಿಂದ ಇನ್‌ಬ್ರೀಡಿಂಗ್ (ಹತ್ತಿರದ ಸಂಬಂಧದಲ್ಲಿ ತಳಿ ಬೆಳೆಸುವುದು) ಶೇಕಡಾ ಎಷ್ಟು ಅಂತ ತೆಗೆಯಬೇಕು. ನನಗೆ ಒಂದು ಸಲ 1.56 ಬಂತು, ಇನ್ನೊಂದು ಸಲ 6.25 ಬಂತು. ಯಾವುದು ಸರಿ, ಯಾಕೆ ಸರಿ ಅಂತ ಈಗ ಗೊತ್ತಾಗಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ, ಇದೇ ಜಾಗದಲ್ಲಿ ಸಿಕ್ಕಿಕೊಂಡವರಿಗೆ ಉಪಯೋಗವಾಗಬಹುದು.

ಮೊದಲು ಕುದುರೆಯ ಬಗ್ಗೆ

ಎನೇಬಲ್ ಹುಟ್ಟಿದ್ದು 2014ರ ಫೆಬ್ರವರಿ 12ರಂದು. ಸಾಕಿದವರು, ಮಾಲೀಕರು ಇಬ್ಬರೂ ಒಬ್ಬರೇ: ಸೌದಿ ಅರೇಬಿಯಾದ ರಾಜಕುಮಾರ ಖಾಲಿದ್ ಅಬ್ದುಲ್ಲಾ, ಅವರ ಜಡ್‌ಮಾಂಟ್ ಫಾರ್ಮ್ಸ್. ಟ್ರೇನರ್ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ಜಾನ್ ಗಾಸ್ಡನ್. ದೊಡ್ಡ ಗೆಲುವುಗಳಲ್ಲೆಲ್ಲ ಜಾಕಿ ಫ್ರಾಂಕಿ ಡೆಟ್ಟೋರಿ. ಒಟ್ಟು 19 ಓಟ, 15 ಗೆಲುವು, ಅದರಲ್ಲಿ 11 ಅತಿ ಮೇಲಿನ ದರ್ಜೆಯ ರೇಸುಗಳು.

2017 ಅವಳ ಮೂರನೇ ವಯಸ್ಸಿನ ವರ್ಷ. ಎಪ್ಸಮ್‌ನ ಓಕ್ಸ್, ಐರಿಷ್ ಓಕ್ಸ್, ಆಸ್ಕಟ್‌ನ ಕಿಂಗ್ ಜಾರ್ಜ್, ಯಾರ್ಕ್‌ಷೈರ್ ಓಕ್ಸ್, ಕೊನೆಗೆ ಫ್ರಾನ್ಸಿನ ದೊಡ್ಡ ರೇಸ್ ಆರ್ಕ್, ಈ ಎಲ್ಲ ರೇಸುಗಳನ್ನೂ ಒಂದೇ ಸೀಸನ್‌ನಲ್ಲಿ ಗೆದ್ದಳು. ಆ ವರ್ಷ ಆರ್ಕ್‌ನ ಮಾಮೂಲಿ ಮೈದಾನ ಲಾಂಗ್‌ಶಾಂಪ್‌ನಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರಿಂದ ಆರ್ಕ್ ನಡೆದದ್ದು ಶಾಂಟಿಯಿಯಲ್ಲಿ. ಮುಂದಿನ ವರ್ಷ ಮೊಣಕಾಲಿನ ತೊಂದರೆಯಿಂದ ಸೆಪ್ಟೆಂಬರ್‌ವರೆಗೆ ಓಡಲೇ ಇಲ್ಲ. ಮಧ್ಯೆ ಒಂದೇ ಒಂದು ಓಟ ಓಡಿ ಸೀದಾ ಆರ್ಕ್‌ಗೆ ಹೋದಳು. ಅಲ್ಲಿ ಸೀ ಆಫ್ ಕ್ಲಾಸ್ ಎಂಬ ಫಿಲ್ಲಿ (ಎಳೆ ಹೆಣ್ಣುಕುದುರೆ) ಹಿಂದಿನಿಂದ ನುಗ್ಗಿ ಬಂದು ಇನ್ನೇನು ಹಿಡಿದೇಬಿಟ್ಟಿತು ಅನ್ನುವಾಗ ಗೆಲುವಿನ ಗೆರೆ ಬಂತು. ನನಗೆ ಅವಳ ಓಟಗಳಲ್ಲೆಲ್ಲ ಜಾಸ್ತಿ ಇಷ್ಟ ಇದೇ, ಯಾಕೆಂದರೆ ಪೂರ್ತಿ ತಯಾರಿ ಇಲ್ಲದೆ ಗೆದ್ದದ್ದು ಇದು. ಮುಂದೆ ಅಮೆರಿಕದ ಚರ್ಚಿಲ್ ಡೌನ್ಸ್‌ನಲ್ಲಿ ಬ್ರೀಡರ್ಸ್ ಕಪ್ ಟರ್ಫ್ ಕೂಡ ಗೆದ್ದಳು. ಒಂದೇ ವರ್ಷ ಆರ್ಕ್ ಮತ್ತು ಅದು, ಎರಡನ್ನೂ ಗೆದ್ದ ಮೊದಲ ಕುದುರೆ ಇವಳೇ. ಸತತ 12 ಗೆಲುವಿನ ಸರಪಳಿ ಕಡಿದದ್ದು 2019ರ ಆರ್ಕ್‌ನಲ್ಲಿ, ಒದ್ದೆ ನೆಲದಲ್ಲಿ ವಾಲ್ಡ್‌ಗೈಸ್ಟ್ ಕೊನೆಯಲ್ಲಿ ಹಿಂದೆ ಹಾಕಿದಾಗ. 2020ರಲ್ಲಿ ಮೂರನೇ ಕಿಂಗ್ ಜಾರ್ಜ್ ಗೆದ್ದಳು. ಅದನ್ನು ಮೂರು ಸಲ ಗೆದ್ದವರು ಮೊದಲು ಯಾರೂ ಇರಲಿಲ್ಲ.

ಈಗ ಆ 3×2

ಎನೇಬಲ್‌ನ ಅಪ್ಪ ನಥಾನಿಯಲ್. ಅವನ ಅಪ್ಪ ಗೆಲಿಲಿಯೊ. ಅವನ ಅಪ್ಪ ಸ್ಯಾಡ್ಲರ್ಸ್ ವೆಲ್ಸ್. ಎನೇಬಲ್‌ನ ಅಮ್ಮ ಕಾನ್ಸೆಂಟ್ರಿಕ್. ಅವಳ ಅಪ್ಪನೂ ಸ್ಯಾಡ್ಲರ್ಸ್ ವೆಲ್ಸೇ. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 14 ಸಲ ಚಾಂಪಿಯನ್ ಸೈರ್ (ಆ ವರ್ಷ ಮರಿಗಳು ಅತಿ ಹೆಚ್ಚು ಗೆದ್ದುಕೊಟ್ಟ ಅಪ್ಪ ಕುದುರೆ) ಆದ ಕುದುರೆ ಅದು. ಅಪ್ಪ ಅಮ್ಮ 1ನೇ ತಲೆ, ಅಜ್ಜ ಅಜ್ಜಿ 2ನೇ ತಲೆ, ಮುತ್ತಜ್ಜ 3ನೇ ತಲೆ. ಅಪ್ಪನ ಕಡೆ 3, ಅಮ್ಮನ ಕಡೆ 2. ಅಪ್ಪನ ಕಡೆಯದ್ದು ಯಾವಾಗಲೂ ಮೊದಲು. ಇಷ್ಟೇ 3×2. ಇಲ್ಲಿವರೆಗೆ ಕಷ್ಟವಿಲ್ಲ.

ನಾನು ಎಡವಿದ್ದು ಸೂತ್ರದಲ್ಲಿ. ಪುಸ್ತಕದಲ್ಲಿ ಕೊಡುವ, ರೈಟ್ ಎಂಬ ವಿಜ್ಞಾನಿಯ ಸೂತ್ರ ಹೀಗಿದೆ: ಅರ್ಧವನ್ನು (ಎನ್1 + ಎನ್2 + 1) ಸಲ ಗುಣಿಸಬೇಕು. ನಾನು ಸೀದಾ 3 + 2 + 1 ಅಂತ ಹಾಕಿದೆ. 6 ಬಂತು. ಅರ್ಧವನ್ನು 6 ಸಲ ಗುಣಿಸಿದರೆ 1/64, ಅಂದರೆ 1.56%. ತಪ್ಪು.

ತಪ್ಪು ಎಲ್ಲಿ ಅಂದರೆ, ಪೆಡಿಗ್ರಿಯ 3×2 ಎಣಿಸುವುದು ಮರಿಯಿಂದ. ಸೂತ್ರದ ಎನ್1, ಎನ್2 ಎಣಿಸುವುದು ಮರಿಯ ಅಪ್ಪ ಅಮ್ಮನಿಂದ! ನಥಾನಿಯಲ್‌ನಿಂದ ಸ್ಯಾಡ್ಲರ್ಸ್ ವೆಲ್ಸ್‌ಗೆ 2 ಹೆಜ್ಜೆ, ಕಾನ್ಸೆಂಟ್ರಿಕ್‌ನಿಂದ 1 ಹೆಜ್ಜೆ. 2 + 1 + 1 = 4. ಅರ್ಧವನ್ನು 4 ಸಲ ಗುಣಿಸಿದರೆ 1/16, ಅಂದರೆ 6.25%. ಇದು ಸರಿ.

ಸೂತ್ರ ಬಾಯಿಪಾಠ ಮಾಡಿದರೆ ಮತ್ತೆ ತಪ್ಪುತ್ತದೆ. ಅದಕ್ಕೆ ನಾಣ್ಯ ಚಿಮ್ಮಿದ ಹಾಗೆ ಯೋಚಿಸಿ ನೋಡಿ. ಸ್ಯಾಡ್ಲರ್ಸ್ ವೆಲ್ಸ್ ಹತ್ತಿರ ಪ್ರತಿ ಜೀನಿಗೂ ಎರಡು ಪ್ರತಿ ಇವೆ. ಗೆಲಿಲಿಯೊಗೂ ಕಾನ್ಸೆಂಟ್ರಿಕ್‌ಗೂ ಒಂದೇ ಪ್ರತಿಯನ್ನು ಕೊಟ್ಟಿರುವ ಸಾಧ್ಯತೆ ಅರ್ಧ. ಗೆಲಿಲಿಯೊ ಅದನ್ನೇ ನಥಾನಿಯಲ್‌ಗೆ ದಾಟಿಸಿರುವುದು ಅರ್ಧ. ನಥಾನಿಯಲ್ ಅದನ್ನು ಎನೇಬಲ್‌ಗೆ ಕೊಟ್ಟಿರುವುದು ಅರ್ಧ. ಕಾನ್ಸೆಂಟ್ರಿಕ್ ತನ್ನದನ್ನು ಎನೇಬಲ್‌ಗೆ ಕೊಟ್ಟಿರುವುದು ಅರ್ಧ. ನಾಲ್ಕು ಅರ್ಧ ಗುಣಿಸಿದರೆ 1/16. ಅಂದರೆ ಯಾವುದೇ ಒಂದು ಜೀನಿನ ಜಾಗದಲ್ಲಿ ಅವಳಿಗೆ ಎರಡೂ ಕಡೆಯಿಂದ ಅದೇ ಮುತ್ತಜ್ಜನ ಅದೇ ಪ್ರತಿ ಬಂದಿರುವ ಸಾಧ್ಯತೆ 16ಕ್ಕೆ 1.

ನನ್ನ ಅಡ್ಡದಾರಿ: ಎರಡು ಅಂಕಿ ಕೂಡಿಸಿ, 1 ಕಳೆಯಿರಿ. 3 + 2 − 1 = 4. ಇಲ್ಲವೇ ಅಪ್ಪನಿಂದ ಮೇಲೆ ಹತ್ತಿ ಅಮ್ಮನವರೆಗೆ ಇಳಿಯುವ ದಾರಿಯಲ್ಲಿ ಎಷ್ಟು ಕುದುರೆ ಇವೆ ಎಣಿಸಿ: ನಥಾನಿಯಲ್, ಗೆಲಿಲಿಯೊ, ಸ್ಯಾಡ್ಲರ್ಸ್ ವೆಲ್ಸ್, ಕಾನ್ಸೆಂಟ್ರಿಕ್. ನಾಲ್ಕು. ಮರಿಯನ್ನು ಎಣಿಸಬೇಡಿ. ನನಗೆ ಈ ಎರಡನೇ ದಾರಿಯೇ ಗಟ್ಟಿ ಅನ್ನಿಸಿದ್ದು.

ಲೆಕ್ಕ ಸರಿಯೋ ಇಲ್ಲವೋ ಅಂತ ನಮ್ಮ ಸೋದರಿಕೆ ಮದುವೆಗೆ ಹಾಕಿ ನೋಡಿದೆ. ಸೋದರತ್ತೆಯ ಮಗನನ್ನು ಮದುವೆಯಾದವರ ಮಗುವಿಗೆ ಮುತ್ತಜ್ಜ ಮುತ್ತಜ್ಜಿ ಎರಡೂ ಕಡೆ ಒಬ್ಬರೇ. ಇಬ್ಬರೂ 3×3. ಒಬ್ಬೊಬ್ಬರಿಂದ 1/32, ಇಬ್ಬರಿಂದ 1/16. ಪುಸ್ತಕದಲ್ಲೂ ಇದೇ ಇದೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದರೆ ಇಬ್ಬರೂ 2×3, 1/16 ಮತ್ತು 1/16, ಒಟ್ಟು 1/8. ಇದೂ ಸರಿ ಬಂತು. ಅಂದರೆ ಸ್ಯಾಡ್ಲರ್ಸ್ ವೆಲ್ಸ್ ಒಂದರಿಂದಲೇ ಎನೇಬಲ್‌ಗೆ ಬಂದ ಇನ್‌ಬ್ರೀಡಿಂಗ್, ಅತ್ತೆ ಮಗ ಮಾವನ ಮಗಳ ಮದುವೆಯಷ್ಟಾಯಿತು. ಇನ್ನೂ ಹಿಂದಿನ ತಲೆಗಳನ್ನು ಸೇರಿಸಿದರೆ ಸ್ವಲ್ಪ ಏರುತ್ತದೆ.

ಇಲ್ಲೊಂದು ಮಾತು. ನಮ್ಮ ಲೆಕ್ಕದಲ್ಲಿ ಗೆಲಿಲಿಯೊ, ಕಾನ್ಸೆಂಟ್ರಿಕ್ ಒಂದೇ ಅಪ್ಪನ ಮಕ್ಕಳು, ಹಾಗಾಗಿ ಕಾನ್ಸೆಂಟ್ರಿಕ್ ನಥಾನಿಯಲ್‌ಗೆ ಸೋದರತ್ತೆ ಆಗಬೇಕು ಅಲ್ವಾ? ಕುದುರೆಯವರು ಹಾಗೆ ಹೇಳುವುದಿಲ್ಲ. ಅವರಿಗೆ ಅಣ್ಣ ತಂಗಿ ಅಂದರೆ ಒಂದೇ ತಾಯಿಯ ಮರಿಗಳು. ಒಂದು ಗಂಡುಕುದುರೆಗೆ ನೂರಾರು ಮರಿಗಳಿರುತ್ತವೆ, ಅವನ್ನೆಲ್ಲ ಒಡಹುಟ್ಟು ಅಂದರೆ ಲೆಕ್ಕಕ್ಕೇ ಸಿಗಲ್ಲ. ಜೀನಿನ ಲೆಕ್ಕಕ್ಕೆ ಮಾತ್ರ ಅಪ್ಪ ಅಮ್ಮ ಇಬ್ಬರೂ ಸಮ.

ಶೇಕಡಾ ನೋಡಿ ವೇಗ ಹೇಳೋಕಾಗಲ್ಲ. 3×2 ಇದ್ದೂ ಓಡದ ಕುದುರೆಗಳು ಇರುತ್ತವೆ. ಹತ್ತಿರದ ಸಂಬಂಧದಲ್ಲಿ ಒಳ್ಳೆಯದು ಎರಡು ಪಟ್ಟಾಗಬಹುದು, ಅಡಗಿದ್ದ ದೋಷವೂ ಹೊರಬರಬಹುದು.

ಅವಳ ಮರಿಗೆ ಎಷ್ಟು?

ಜಡ್‌ಮಾಂಟ್ ಹತ್ತಿರ ಫ್ರಾಂಕೆಲ್ ಇದ್ದಾನೆ, ಅವನೂ ಗೆಲಿಲಿಯೊ ಮಗ. ಅವನನ್ನೇ ಎನೇಬಲ್ ಜೊತೆ ಕೂಡಿಸಿದರೆ ಅಂತ ಸುಮ್ನೆ ಹಾಳೆಯ ಮೇಲೆ ಮಾಡಿ ನೋಡಿದೆ. ಗೆಲಿಲಿಯೊ 2×3, ಅದಕ್ಕೆ 1/16. ಸ್ಯಾಡ್ಲರ್ಸ್ ವೆಲ್ಸ್ ಅಪ್ಪನ ಕಡೆ 3, ಅಮ್ಮನ ಕಡೆ ಕಾನ್ಸೆಂಟ್ರಿಕ್ ಮೂಲಕ 3, ಅದಕ್ಕೆ 1/32. ಅಮ್ಮನ ಕಡೆ ನಥಾನಿಯಲ್ ಮೂಲಕವೂ ಅವನು ಸಿಗುತ್ತಾನೆ, ಆದರೆ ಆ ದಾರಿ ಹತ್ತುವಾಗಲೂ ಇಳಿಯುವಾಗಲೂ ಗೆಲಿಲಿಯೊನನ್ನೇ ದಾಟುತ್ತದೆ. ಒಂದು ಕುದುರೆ ಒಂದು ದಾರಿಯಲ್ಲಿ ಎರಡು ಸಲ ಬಂದರೆ ಆ ದಾರಿ ಬಿಡಬೇಕು. ಈ ಇಬ್ಬರಿಂದಲೇ 3/32, ಅಂದರೆ 9.4% ಹತ್ತಿರ.

ನಿಜವಾಗಿ 2021ರಲ್ಲಿ ಮೊದಲ ಸಲ ಕೂಡಿಸಿದ್ದು ಕಿಂಗ್‌ಮನ್ ಜೊತೆ. ಅವನ ಪೆಡಿಗ್ರಿಯಲ್ಲಿ ಸ್ಯಾಡ್ಲರ್ಸ್ ವೆಲ್ಸ್ ಇಲ್ಲ. ಹುಟ್ಟುವ ಮರಿಯ ಪೆಡಿಗ್ರಿಯಲ್ಲಿ ಆ ಹೆಸರು 4ನೇ ಮತ್ತು 3ನೇ ತಲೆಯಲ್ಲಿ ಎರಡು ಸಲ ಕಾಣುತ್ತದೆ, ನೋಡಿದ ತಕ್ಷಣ 4 + 3 − 1 ಮಾಡೋಣ ಅನ್ನಿಸುತ್ತದೆ. ಮಾಡಬೇಡಿ. ಎರಡೂ ಅಮ್ಮನ ಕಡೆಯೇ ಇವೆ. ಅಪ್ಪನಿಂದ ಹತ್ತಿ ಅಮ್ಮನ ಕಡೆ ಇಳಿಯಲು ಸ್ಯಾಡ್ಲರ್ಸ್ ವೆಲ್ಸ್ ಮೂಲಕ ದಾರಿಯೇ ಇಲ್ಲ. ಎನೇಬಲ್‌ನ ಆ 6.25% ಅವಳಿಗೆ ಮಾತ್ರ, ಮರಿಗೆ ಸ್ಯಾಡ್ಲರ್ಸ್ ವೆಲ್ಸ್‌ನಿಂದ ಬರುವ ಇನ್‌ಬ್ರೀಡಿಂಗ್ 0.